ಅಚ್ಚುಕೂಟಕ್ಕೆ ಕಿವುಡರು ಬಂದ ದಾರಿ

ಪ್ರಶ್ನೆ: ಅಮೆರಿಕದ ಪತ್ರಿಕೆಗಳ ಅಚ್ಚುಕೂಟಗಳಲ್ಲಿ ಒಂದು ಕಾಲಕ್ಕೆ ಕಿವುಡ ಕೆಲಸಗಾರರು ಬಹಳ ಮಂದಿ ಇದ್ದರಂತೆ. ಯಂತ್ರಗಳ ಗದ್ದಲ ಅವರನ್ನು ಬಾಧಿಸುವುದಿಲ್ಲವೆಂದು ಮಾಲೀಕರು ಅವರನ್ನೇ ಹುಡುಕಿ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು ಎಂದು ಓದಿದೆ. ಇದು ನಿಜವೇ? ಅವರೆಲ್ಲ ಈ ಕಸುಬಿಗೆ ಬಂದದ್ದು ಹೇಗೆ? ಆಮೇಲೆ ಏನಾದರು?

ಉತ್ತರ: ಬಹಳ ಮಂದಿ ಇದ್ದರು ಎನ್ನುವುದು ನಿಜ. ಗದ್ದಲದ ಮಾತು ಮಾತ್ರ ಅರ್ಧ ಸತ್ಯ, ಅದೂ ತಡವಾಗಿ ಹುಟ್ಟಿಕೊಂಡದ್ದು. ಈ ವಿಷಯ ಎತ್ತಿದಾಗಲೆಲ್ಲ ಯಾರಾದರೂ ಈ ವಿವರಣೆ ಕೊಟ್ಟೇ ಕೊಡುತ್ತಾರೆ. ಕೇಳಲು ಸೊಗಸಾಗಿದೆ, ಯೋಚಿಸುವ ತೊಂದರೆಯನ್ನೂ ತಪ್ಪಿಸುತ್ತದೆ. ಆದರೆ ಕಾಲಾನುಕ್ರಮಕ್ಕೆ ಹೊಂದುವುದಿಲ್ಲ. ಅಚ್ಚುಕೂಟದಲ್ಲಿ ಮೊಳೆ, ಅಂದರೆ ಲೋಹದ ಅಕ್ಷರದಚ್ಚು, ಜೋಡಿಸುವ ಕೋಣೆಗೆ ಗದ್ದಲ ಬಂದದ್ದು 1886ರ ನಂತರ, ಲೈನೋಟೈಪ್ ಎಂಬ ಅಕ್ಷರ ಜೋಡಿಸುವ ಯಂತ್ರದೊಂದಿಗೆ. ಕಿವುಡರು ಆ ಕೋಣೆಗೆ ಬಂದದ್ದು ಅದಕ್ಕಿಂತ ಎಷ್ಟೋ ದಶಕ ಮೊದಲು, ಅಲ್ಲಿ ಕಿವಿಗೆ ಬೀಳಲು ಹೆಚ್ಚೇನೂ ಇಲ್ಲದಿದ್ದಾಗ.

ಕೈಯಿಂದ ಮೊಳೆ ಜೋಡಿಸುವ ಕೆಲಸ ಹೇಗಿತ್ತು ಎಂದು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಂಪೋಸಿಟರನ ಎದುರು ಓರೆಯಾಗಿ ಇಟ್ಟ ಮರದ ಪೆಟ್ಟಿಗೆ, ಅದರೊಳಗೆ ಅಕ್ಷರಕ್ಕೊಂದರಂತೆ ಗೂಡು. ಎಡಗೈಯಲ್ಲಿ ಲೋಹದ ಪುಟ್ಟ ತಟ್ಟೆಯಂಥ ಸ್ಟಿಕ್ಕು. ಬಲಗೈ ಗೂಡಿನಿಂದ ಒಂದೊಂದೇ ಅಚ್ಚುಮೊಳೆಯನ್ನು ಹೆಕ್ಕಿ ಸ್ಟಿಕ್ಕಿಗೆ ಸೇರಿಸಬೇಕು. ಪ್ರತಿ ಮೊಳೆಯ ಮೈಯಲ್ಲಿ ಒಂದು ಗೀರು ಇರುತ್ತದೆ. ಮೊಳೆ ತಲೆಕೆಳಗಾಗಿಲ್ಲವೆಂದು ಬೆರಳು ಆ ಗೀರಿನಿಂದಲೇ ತಿಳಿಯುತ್ತದೆ, ಕಣ್ಣು ಅಷ್ಟರಲ್ಲಿ ಮುಂದಿನ ಗೂಡಿನ ಮೇಲಿರುತ್ತದೆ. ಎಡಗೈ ಹೆಬ್ಬೆರಳು ಸಾಲಿನ ಕೊನೆಯ ಮೊಳೆಯನ್ನು ಒತ್ತಿ ಹಿಡಿದಿರುತ್ತದೆ. ಜೋಡಿಸಿದ ಸಾಲನ್ನು ತಲೆಕೆಳಗಾಗಿ, ಎಡದಿಂದ ಬಲಕ್ಕೆ, ಕನ್ನಡಿಯಲ್ಲಿ ಕಾಣುವಂಥ ಅಕ್ಷರಗಳಲ್ಲಿ ಓದಿಕೊಳ್ಳಬೇಕು. ಕಣ್ಣು, ಬೆರಳು, ಕಾಗುಣಿತದ ಜ್ಞಾನ, ಇಷ್ಟೇ ಬಂಡವಾಳ. ಕಿವಿಗೆ ಇಲ್ಲಿ ಕೆಲಸವೇ ಇಲ್ಲ. ಗದ್ದಲವೆದ್ದರೆ ಅದು ಅಚ್ಚು ಒತ್ತುವ ಯಂತ್ರಗಳಿದ್ದ ಬೇರೆ ಕೋಣೆಯಲ್ಲಿ. ಆ ಕೋಣೆಯ ಕಸುಬುದಾರರೇ ಬೇರೆ, ಮುಂದೆ ಅವರ ಸಂಘವೂ ಬೇರೆಯಾಯಿತು. ಸದ್ದು ಕೇಳದಿರುವುದೇ ಅರ್ಹತೆಯಾಗಿದ್ದರೆ ಕಿವುಡರು ಆ ಕೋಣೆಯಲ್ಲಿ ಕಿಕ್ಕಿರಿಯಬೇಕಿತ್ತು. ಅವರು ಹೆಚ್ಚಾಗಿ ಸೇರಿದ್ದು ಮೊಳೆಗಳ ಕೋಣೆಯಲ್ಲಿ.

ಹಾಗಾದರೆ ಹೇಗೆ ಬಂದರು? ಶಾಲೆಯ ಮೂಲಕ ಬಂದರು. ಕಥೆ ಪ್ಯಾರಿಸಿನಿಂದ ಶುರುವಾಗುತ್ತದೆ. ಪುಸ್ತಕದ ಕಸುಬಿನಲ್ಲಿ ಅಲ್ಲಿ ಅದಕ್ಕೂ ಮೊದಲೇ ಕಿವುಡರು ಇದ್ದರು: ಪಿಯೆರ್ ದೆಲೋಜ್ ಎಂಬ ಬೈಂಡಿಂಗ್ ಕೆಲಸಗಾರ 1779ರಲ್ಲಿ ಕಿವುಡರ ಸನ್ನೆ ಭಾಷೆಯನ್ನು ಸಮರ್ಥಿಸಿ ಪುಸ್ತಕವನ್ನೇ ಬರೆದು ಪ್ರಕಟಿಸಿದ. ಏಳನೆಯ ವಯಸ್ಸಿನಲ್ಲಿ ಸಿಡುಬಿನಿಂದ ಕಿವಿ ಕಳೆದುಕೊಂಡವನು ಅವನು. ಆದರೆ ಒಬ್ಬಿಬ್ಬರು ಇರುವುದು ಬೇರೆ, ಸಾಲುಸಾಲಾಗಿ ಬರುವುದು ಬೇರೆ. ಅಬೆ ದ ಲೆಪೆ ಎಂಬ ಪಾದ್ರಿ ಕಟ್ಟಿದ ಪ್ಯಾರಿಸಿನ ಕಿವುಡರ ಶಾಲೆ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1791ರಲ್ಲಿ, ರಾಷ್ಟ್ರೀಯ ಸಂಸ್ಥೆಯಾಯಿತು. ಆ ದಶಕದಲ್ಲೇ ಅದಕ್ಕೆ ತನ್ನದೇ ಅಚ್ಚುಕೂಟವಿತ್ತು. ಸಂಸ್ಥೆಯ ಹೆಸರನ್ನೇ ಮುದ್ರಕರ ಹೆಸರಾಗಿ ಹೊತ್ತ ಪುಸ್ತಕಗಳು ಅಲ್ಲಿಂದ ಹೊರಬಂದವು. ವಿದ್ಯಾರ್ಥಿಗಳಿಗೆ ಹೊಟ್ಟೆಪಾಡಿಗೆ ಒಂದು ಕಸುಬು ಕಲಿಸಬೇಕು, ಸಂಸ್ಥೆಯ ಖರ್ಚಿಗೂ ಒಂದಿಷ್ಟು ಒದಗಬೇಕು, ಎರಡೂ ಉದ್ದೇಶ ಅದರಲ್ಲಿದ್ದವು.

ಆ ಅಚ್ಚುಕೂಟದಲ್ಲಿ ಮೊಳೆ ಜೋಡಿಸಲು ಕಲಿತ ಹುಡುಗರಲ್ಲಿ ಲೊರಾಂ ಕ್ಲೆರ್ಕ್ ಒಬ್ಬ. 1805ರಲ್ಲಿ ಅದೇ ಶಾಲೆಯಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರುವವರೆಗೆ ಅವನು ಅಲ್ಲಿ ಕಂಪೋಸಿಂಗ್ ಅಭ್ಯಾಸ ಮಾಡುತ್ತಿದ್ದ. ಮುಂದೆ 1816ರಲ್ಲಿ ಥಾಮಸ್ ಗ್ಯಾಲಡೆಟ್ ಎಂಬ ಅಮೆರಿಕದ ಪಾದ್ರಿಯ ಜೊತೆ ಅಟ್ಲಾಂಟಿಕ್ ದಾಟಿದ. 1817ರಲ್ಲಿ ಹಾರ್ಟ್‌ಫರ್ಡ್‌ನಲ್ಲಿ ಅಮೆರಿಕದ ಮೊದಲ ಶಾಶ್ವತ ಕಿವುಡರ ಶಾಲೆ ತೆರೆದದ್ದು ಇವರ ದುಡಿಮೆಯಿಂದ. ಅಮೆರಿಕಕ್ಕೆ ಸನ್ನೆ ಭಾಷೆಯ ಶಿಕ್ಷಣವನ್ನು ಒಯ್ದವನ ಬೆರಳುಗಳು ಮೊಳೆ ಹಿಡಿದು ಪಳಗಿದ್ದವು ಎಂಬ ಸಂಗತಿಯನ್ನು ಅವನ ಜೀವನ ಚರಿತ್ರೆ ಬರೆಯುವವರು ಒಂದು ಸಾಲಿನಲ್ಲಿ ದಾಟಿಸಿಬಿಡುತ್ತಾರೆ. ನನಗೆ ಅದು ಸಣ್ಣ ಸಂಗತಿಯೆಂದು ಅನಿಸುವುದಿಲ್ಲ.

ಅಮೆರಿಕದಲ್ಲಿ ಒಂದೊಂದು ರಾಜ್ಯವೂ ತನ್ನದೊಂದು ಕಿವುಡರ ವಸತಿಶಾಲೆ ತೆರೆಯುತ್ತ ಹೋಯಿತು. ಮೊದಮೊದಲು ಕಲಿಸುತ್ತಿದ್ದುದು ಚಪ್ಪಲಿ ಹೊಲಿಯುವುದು, ಬಡಗಿ ಕೆಲಸ, ದರ್ಜಿ ಕೆಲಸ. 1849ರಲ್ಲಿ ನಾರ್ತ್ ಕೆರೊಲಿನಾದ ರಾಲಿಯಲ್ಲಿದ್ದ ಶಾಲೆ ಒಂದು ಪತ್ರಿಕೆ ಹೊರಡಿಸಿತು. ಕಿವುಡರ ಶಾಲೆಯೊಂದು ಹೊರತಂದ ಮೊದಲ ಪತ್ರಿಕೆ ಅದು. ಅಲ್ಲಿಂದ ಈ ಚಟ ಹಬ್ಬಿತು. ಶತಮಾನದ ಕೊನೆಯ ಹೊತ್ತಿಗೆ ಅಚ್ಚುಕೂಟವಿಲ್ಲದ ದೊಡ್ಡ ಶಾಲೆಯೇ ಅಪರೂಪ. ಶಾಲೆಗಳು ತಮ್ಮ ಪತ್ರಿಕೆಗಳನ್ನು ಪರಸ್ಪರ ವಿನಿಮಯ ಮಾಡಿಕೊಳ್ಳುತ್ತಿದ್ದವು. ಇವುಗಳನ್ನೆಲ್ಲ ಸೇರಿಸಿ ‘ಪುಟ್ಟ ಪತ್ರಿಕೆಗಳ ಕುಟುಂಬ’ ಎಂದು ಕರೆಯುತ್ತಿದ್ದರು. ಹಳೆಯ ವಿದ್ಯಾರ್ಥಿ ಯಾವ ಊರಿನಲ್ಲಿ ಕೆಲಸಕ್ಕೆ ಸೇರಿದ, ಯಾರ ಮದುವೆ ಆಯಿತು, ಯಾವ ಪತ್ರಿಕೆಯಲ್ಲಿ ಕಂಪೋಸಿಟರ್ ಬೇಕಾಗಿದ್ದಾನೆ, ಎಲ್ಲವೂ ಇವುಗಳಲ್ಲಿ ಅಚ್ಚಾಗುತ್ತಿತ್ತು. ನ್ಯೂ ಜೆರ್ಸಿಯ ಶಾಲೆಯಿಂದ 1888ರಲ್ಲಿ ಹೊರಟ ‘ಸೈಲೆಂಟ್ ವರ್ಕರ್’ 1929ರವರೆಗೆ ನಡೆದು ದೇಶದಾದ್ಯಂತ ಓದುಗರನ್ನು ಗಳಿಸಿತು. ನ್ಯೂಯಾರ್ಕಿನ ಶಾಲೆಯಲ್ಲಿ ಮುದ್ರಣ ಕಲಿಸುತ್ತಿದ್ದ ಎಡ್ವಿನ್ ಹಾಡ್ಜ್‌ಸನ್, ತಾನೂ ಕಿವುಡ, ‘ಡೆಫ್ ಮ್ಯೂಟ್ಸ್ ಜರ್ನಲ್’ ಎಂಬ ವಾರಪತ್ರಿಕೆಯ ಸಂಪಾದಕನಾಗಿದ್ದ, ಕಿವುಡರ ರಾಷ್ಟ್ರೀಯ ಸಂಘದ ಅಧ್ಯಕ್ಷನೂ ಆದ.

ಶಾಲೆಯ ಹೊರಗೆ ಸ್ವಂತ ಪತ್ರಿಕೆ ನಡೆಸಿದ ಕಿವುಡರೂ ಇದ್ದರು. ಲೀವೈ ಬ್ಯಾಕಸ್ 1837ರಲ್ಲಿ ನ್ಯೂಯಾರ್ಕ್ ರಾಜ್ಯದ ಕೆನಜೊಹರಿ ಎಂಬ ಪುಟ್ಟ ಊರಿನ ಪತ್ರಿಕೆಯ ಸಂಪಾದಕನಾದ. ಪತ್ರಿಕೆಯ ಶೀರ್ಷಿಕೆಯನ್ನೇ ಬೆರಳಕ್ಷರದ, ಅಂದರೆ ಬೆರಳುಗಳಿಂದ ಅಕ್ಷರ ತೋರಿಸುವ, ಕೈಚಿತ್ರಗಳಲ್ಲಿ ಅಚ್ಚು ಮಾಡಿಸಿದ ಆಸಾಮಿ ಅವನು. ಎಡ್ಮಂಡ್ ಬೂತ್ ಇನ್ನೊಬ್ಬ. ಶಾಲಾ ಶಿಕ್ಷಕನಾಗಿದ್ದವನು ಐಯೊವಾಕ್ಕೆ ವಲಸೆ ಹೋದ, ಚಿನ್ನದ ಬೆನ್ನು ಹತ್ತಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಬಂದ, 1856ರಲ್ಲಿ ಅನಮೋಸಾ ಊರಿನ ‘ಯುರೇಕಾ’ ಪತ್ರಿಕೆಯ ಸಂಪಾದಕನಾದ, ಮುಂದೆ ಅದರ ಒಡೆಯನೂ ಆದ. ಊರಿನ ಓದುಗರಿಗೆ ಅದು ಕಿವುಡರ ಪತ್ರಿಕೆಯಲ್ಲ, ಊರಿನ ಪತ್ರಿಕೆ.

ಇಲ್ಲಿ ಒಂದು ವಿಚಿತ್ರ ತಿರುವು ಬರುತ್ತದೆ. 1880ರಲ್ಲಿ ಮಿಲಾನ್ ನಗರದಲ್ಲಿ, ಬಹುತೇಕ ಕಿವಿ ಕೇಳುವ ಶಿಕ್ಷಕರೇ ಸೇರಿದ್ದ ಸಮ್ಮೇಳನವೊಂದು ಕಿವುಡ ಮಕ್ಕಳಿಗೆ ತುಟಿಯೋದು (ತುಟಿಯ ಚಲನೆ ನೋಡಿ ಮಾತು ತಿಳಿಯುವುದು) ಮತ್ತು ಮಾತಿನ ಮೂಲಕವೇ ಪಾಠ ಹೇಳಬೇಕೆಂದು ನಿರ್ಣಯ ಮಾಡಿತು. ಮೌಖಿಕ ಪದ್ಧತಿಯ ಗಾಳಿ ಅಮೆರಿಕದಲ್ಲೂ ಬೀಸಿತು. ತರಗತಿಗಳಲ್ಲಿ ಸನ್ನೆಗೆ ನಿಷೇಧ ಬಿತ್ತು. ಮಾತು ಕಲಿಸಲು ಬಾರದವರೆಂದು ಕಿವುಡ ಶಿಕ್ಷಕರು ಮೂಲೆಗುಂಪಾದರು. 1870ರ ಸುಮಾರಿಗೆ ಶಿಕ್ಷಕರಲ್ಲಿ ನೂರಕ್ಕೆ 40ರಷ್ಟು ಕಿವುಡರಿದ್ದರೆ, ಮೊದಲ ಮಹಾಯುದ್ಧದ ಹೊತ್ತಿಗೆ ಅದು 15ರ ಆಸುಪಾಸಿಗೆ ಇಳಿದಿತ್ತು. ಉಳಿದವರಲ್ಲಿ ಅನೇಕರಿಗೆ ಜಾಗ ಸಿಕ್ಕಿದ್ದು ಕಸುಬು ಕಲಿಸುವ ಶೆಡ್ಡುಗಳಲ್ಲಿ. ಪರಿಣಾಮ ಏನಾಯಿತೆಂದರೆ, ಬೆಳಿಗ್ಗೆ ತರಗತಿಯಲ್ಲಿ ಕೈ ಕಟ್ಟಿ ಕುಳಿತ ಹುಡುಗ ಮಧ್ಯಾಹ್ನ ಅಚ್ಚುಕೂಟಕ್ಕೆ ಬಂದರೆ ಅಲ್ಲಿ ಕಿವುಡ ಮೇಷ್ಟರು ಸನ್ನೆಯಲ್ಲೇ ಕಲಿಸುತ್ತಿದ್ದರು. ಇಂಗ್ಲಿಷಿನ ವಾಕ್ಯವೂ ಅವನಿಗೆ ಅಲ್ಲೇ ದಕ್ಕುತ್ತಿತ್ತು. ಒಂದು ಅಕ್ಷರ ತಪ್ಪಿದರೂ ಕರಡಚ್ಚಿನಲ್ಲಿ ಕಣ್ಣಿಗೆ ಹೊಡೆಯುತ್ತದೆ, ತಿದ್ದಬೇಕಾದರೆ ಮೊಳೆ ಕಿತ್ತು ಮತ್ತೆ ಕೂರಿಸಬೇಕು. ಇಷ್ಟು ಒಳ್ಳೆಯ ವ್ಯಾಕರಣ ಪಾಠ ಯಾವ ತುಟಿಯೋದಿನ ತರಗತಿಯಲ್ಲೂ ಸಿಗುತ್ತಿರಲಿಲ್ಲವೆಂಬುದು ನನ್ನ ಅಭಿಪ್ರಾಯ.

ಶಾಲೆ ಕಸುಬು ಕೊಟ್ಟಿತು. ಆದರೆ ಕಸುಬು ಕಲಿತವರಿಗೆಲ್ಲ ಕೆಲಸ ಸಿಗುವುದಿಲ್ಲ. ಮುದ್ರಣದಲ್ಲಿ ಸಿಕ್ಕಿದ್ದು ಏಕೆ ಎನ್ನುವುದು ನಿಮ್ಮ ಪ್ರಶ್ನೆಯ ತಿರುಳು. ನನಗೆ ಕಾಣುವ ಕಾರಣಗಳು ಮೂರು, ಮೂರರ ತೂಕವೂ ಒಂದೇ ಅಲ್ಲ.

ಮೊದಲನೆಯದು ಸರಳ. ಕಂಪೋಸಿಟರನಿಗೆ ಕೆಲಸ ಬರುವುದೇ ಬರಹದಲ್ಲಿ. ಹಸ್ತಪ್ರತಿ, ಅದರ ಅಂಚಿನಲ್ಲಿ ಸೂಚನೆ, ತಿದ್ದಿದ ಪ್ರೂಫು. ಮೇಸ್ತ್ರಿ ಬಾಯಿ ಬಿಡುವ ಅಗತ್ಯವೇ ಕಡಿಮೆ. ಇಂಥ ಕೈಗಸುಬು ಇನ್ನೊಂದಿರಲಿಲ್ಲ.

ಎರಡನೆಯದು ಕೂಲಿಯ ಲೆಕ್ಕ. ಹತ್ತೊಂಬತ್ತನೆಯ ಶತಮಾನದಲ್ಲಿ ಕೂಲಿ ಬಹುಪಾಲು ಜೋಡಿಸಿದ ಅಕ್ಷರದ ಅಳತೆಗೆ, ಸಾವಿರ ‘ಎಮ್’ಗೆ (ಎಮ್ ಎಂದರೆ ಮುದ್ರಕರು ಅಕ್ಷರ ಅಳೆಯುವ ಮಾನ) ಇಷ್ಟು ಎಂದು. ಕಂಪೋಸಿಟರ್ ತಾನು ಜೋಡಿಸಿದ ಭಾಗದ ಅಚ್ಚುಪ್ರತಿಗಳನ್ನು ಕತ್ತರಿಸಿ, ಒಂದರ ಕೆಳಗೊಂದು ಅಂಟಿಸಿ ಉದ್ದನೆಯ ಪಟ್ಟಿ ಮಾಡುತ್ತಿದ್ದ. ಪಟ್ಟಿಯನ್ನು ಅಳೆದರೆ ಕೂಲಿ ಗೊತ್ತಾಗುತ್ತಿತ್ತು. ‘ಪಾಪ, ಕಿವುಡ, ಇವನಿಂದ ಏನಾದೀತು’ ಎಂಬ ಮೇಸ್ತ್ರಿಯ ಅನುಮಾನಕ್ಕೆ ಆ ಕಾಗದದ ಪಟ್ಟಿ ಉತ್ತರ ಹೇಳುತ್ತಿತ್ತು. ಪಕ್ಕದವನ ಪಟ್ಟಿಗಿಂತ ಇವನದು ಉದ್ದವಾಗಿದ್ದರೆ ಮುಗಿಯಿತು.

ಮೂರನೆಯದೇ ಎಲ್ಲಕ್ಕಿಂತ ಭಾರವಾದದ್ದು: ಕಾರ್ಮಿಕ ಸಂಘ. 1852ರಲ್ಲಿ ಹುಟ್ಟಿ ಮುಂದೆ ಅಂತರರಾಷ್ಟ್ರೀಯ ಟೈಪೊಗ್ರಾಫಿಕಲ್ ಯೂನಿಯನ್ ಎಂದಾದ ಸಂಘದ ಕಾರ್ಡು ಕೈಯಲ್ಲಿದ್ದವನು ಯಾವ ಊರಿನ ಸಂಘದ ಅಚ್ಚುಕೂಟಕ್ಕೆ ಹೋದರೂ ಕೆಲಸ ಕೇಳಬಹುದಿತ್ತು. ಮೇಸ್ತ್ರಿಯೂ ಸಂಘದ ಸದಸ್ಯನೇ ಆಗಿರಬೇಕೆಂಬ ನಿಯಮವಿತ್ತು. ಬಡ್ತಿ ಮತ್ತು ಪಾಳಿ ಹಿರಿತನದ ಪ್ರಕಾರ. ಖಾಯಂ ಕೆಲಸಗಾರ ರಜೆ ಹಾಕುವಾಗ ತನ್ನ ಬದಲಿಯನ್ನು ತಾನೇ ಆರಿಸಬಹುದಿತ್ತು. ಈ ಕೊನೆಯ ನಿಯಮವನ್ನು ಸ್ವಲ್ಪ ನಿಂತು ಗಮನಿಸಿ. ಒಂದು ಪತ್ರಿಕೆಯಲ್ಲಿ ಒಬ್ಬ ಕಿವುಡ ಖಾಯಂ ಆದನೆಂದರೆ ಅವನು ತನ್ನ ಶಾಲೆಯ ಜೊತೆಗಾರನನ್ನು ಬದಲಿಯಾಗಿ ಕರೆಯಬಹುದು. ಬದಲಿ ದಿನ ಕಳೆದಂತೆ ಹಿರಿತನ ಗಳಿಸಿ ಖಾಯಂ ಆಗುತ್ತಾನೆ, ಅವನು ಇನ್ನೊಬ್ಬನನ್ನು ಕರೆಯುತ್ತಾನೆ. ಸಂದರ್ಶನವಿಲ್ಲ, ಮಾಲೀಕನ ಕೃಪೆಯಿಲ್ಲ. ಮಾಲೀಕರು ಹುಡುಕಿ ತೆಗೆದುಕೊಂಡರು ಎಂಬ ಮಾತಿಗೆ ನನ್ನ ತಕರಾರು ಇರುವುದು ಇಲ್ಲೇ. ಬಾಗಿಲು ತೆರೆದದ್ದು ಬಹುಮಟ್ಟಿಗೆ ಒಳಗಿದ್ದ ಕಿವುಡರೇ.

ಈಗ ಯಂತ್ರಕ್ಕೆ ಬರೋಣ. ಓಟ್ಮಾರ್ ಮೆರ್ಗೆಂಥಾಲರ್ ರೂಪಿಸಿದ ಲೈನೋಟೈಪ್ 1886ರಲ್ಲಿ ನ್ಯೂಯಾರ್ಕಿನ ‘ಟ್ರಿಬ್ಯೂನ್’ ಪತ್ರಿಕೆಯಲ್ಲಿ ಕೆಲಸ ಶುರುಮಾಡಿತು. 90 ಕೀಲಿಗಳ ಮಣೆ. ಕೀಲಿ ಒತ್ತಿದರೆ ಮೇಲಿನ ಪೆಟ್ಟಿಗೆಯಿಂದ ಆ ಅಕ್ಷರದ ಹಿತ್ತಾಳೆ ಅಚ್ಚು ಜಾರಿ ಕೆಳಗಿಳಿಯುತ್ತದೆ. ಒಂದು ಸಾಲು ತುಂಬಿದೊಡನೆ ಕರಗಿದ ಸೀಸದ ಮಿಶ್ರಲೋಹ ಅದರೊಳಕ್ಕೆ ನುಗ್ಗಿ, ಇಡೀ ಸಾಲು ಒಂದೇ ಲೋಹದ ಪಟ್ಟಿಯಾಗಿ ಬಿಸಿಬಿಸಿಯಾಗಿ ಬೀಳುತ್ತದೆ. ಆಮೇಲೆ ಯಂತ್ರದ ತೋಳು ಬಂದು ಹಿತ್ತಾಳೆ ಅಚ್ಚುಗಳನ್ನು ಎತ್ತಿ ಮೇಲಕ್ಕೊಯ್ಯುತ್ತದೆ. ಒಂದೊಂದು ಅಕ್ಷರದ ಹಲ್ಲುಗಳ ಕೊರೆತವೂ ಬೇರೆಬೇರೆ ಇರುವುದರಿಂದ ಅವು ತಂತಮ್ಮ ಗೂಡಿನ ಮೇಲೆ ಬಂದಾಗ ತಾವಾಗಿಯೇ ಕಳಚಿ ಬೀಳುತ್ತವೆ. ನಾಲ್ಕೈದು ಮಂದಿ ಕೈಯಲ್ಲಿ ಮಾಡುವುದನ್ನು ಒಬ್ಬನೇ ಮಾಡಬಹುದಾಯಿತು. ಕೈಕೆಲಸದವರಿಗೆ ಕುತ್ತು ಬಂದಂತೆಯೇ ಸರಿ. ಆದರೆ ಯಂತ್ರದ ಮುಂದೆ ಕೂರುವವನು ಕಸುಬು ಕಲಿತ ಮುದ್ರಕನೇ ಆಗಿರಬೇಕೆಂದು ಸಂಘ ಪಟ್ಟು ಹಿಡಿದು ಗೆದ್ದಿತು. ಸಂಘದೊಳಗಿದ್ದ ಕಿವುಡರೂ ಹೀಗೆ ಉಳಿದುಕೊಂಡರು. ಶಾಲೆಗಳೂ ಹಣ ಹೊಂದಿಸಿ ಲೈನೋಟೈಪ್ ಕೊಂಡವು.

ಹತ್ತಾರು ಲೈನೋಟೈಪ್‌ಗಳು ಸಾಲಾಗಿ ಓಡುವ ಕೋಣೆಯಲ್ಲಿ ಕಿವಿ ಕೇಳುವವರು ಒಬ್ಬರ ಕಿವಿಗೊಬ್ಬರು ಬಾಯಿಟ್ಟು ಕೂಗಬೇಕಿತ್ತು. ಕಿವುಡರು ಆ ತುದಿಯಿಂದ ಈ ತುದಿಗೆ ನಿರಾಯಾಸವಾಗಿ ಹರಟುತ್ತಿದ್ದರು. ಜೊತೆಗಾರರೂ ಅವರಿಂದ ಒಂದಿಷ್ಟು ಸನ್ನೆ ಕಲಿತರು. ಗದ್ದಲದ ಕಥೆ ಹುಟ್ಟಿದ್ದು ಇಲ್ಲಿ. ಅನುಕೂಲ ಇದ್ದದ್ದು ಹೌದು, ಅಲ್ಲಗಳೆಯುವುದಿಲ್ಲ. ಅಷ್ಟರಲ್ಲಿ ಅವರು ಆ ಕೋಣೆಯಲ್ಲಿ ಎರಡು ಮೂರು ತಲೆಮಾರು ಕಳೆದಿದ್ದರು ಎಂಬುದನ್ನು ಮಾತ್ರ ಮರೆಯಬಾರದು.

ಈ ಕಥೆಯನ್ನು ಬರೀ ಹೆಮ್ಮೆಯ ಕಥೆಯಾಗಿ ಹೇಳುವವರ ಜೊತೆಗೂ ನನಗೆ ಜಗಳವಿದೆ. ಅಚ್ಚುಕೂಟ ಸಿಕ್ಕಿದ್ದು ಮುಖ್ಯವಾಗಿ ಗಂಡುಮಕ್ಕಳಿಗೆ. ಹೆಣ್ಣುಮಕ್ಕಳನ್ನು ಶಾಲೆಗಳು ಹೊಲಿಗೆ, ಇಸ್ತ್ರಿ, ಅಡುಗೆಗೆ ಹಚ್ಚಿದವು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಕಿವುಡ ಮಕ್ಕಳಿಗೆ ಬೇರೆಯೇ ಶಾಲೆ, ಅಲ್ಲಿ ಕಲಿಸುತ್ತಿದ್ದ ಕಸುಬುಗಳೂ ಕಡಿಮೆ ಕೂಲಿಯವು. ಬಿಳಿಯ ಕಿವುಡನಿಗೆ ಮೆಟ್ಟಿಲಾದ ಸಂಘದ ಕಾರ್ಡು ಅವರ ಕೈಗೆಟುಕುವುದು ದುರ್ಲಭವಾಗಿತ್ತು. ಕಿವುಡರ ರಾಷ್ಟ್ರೀಯ ಸಂಘವೇ 1925ರಿಂದ ಸುಮಾರು 40 ವರ್ಷ ಕಪ್ಪು ಸದಸ್ಯರಿಗೆ ಬಾಗಿಲು ಮುಚ್ಚಿತ್ತು. ಸೀಸದ ಧೂಳು, ಹೊಗೆ, ರಾತ್ರಿ ಪಾಳಿ ಆರೋಗ್ಯಕ್ಕೆ ಮಾಡಿದ ಹಾನಿ ಇದ್ದೇ ಇತ್ತು, ಅದು ಎಲ್ಲ ಮುದ್ರಕರ ಪಾಡು.

ಸರ್ಕಾರವೂ ಅಡ್ಡಗಾಲು ಹಾಕಿದ್ದುಂಟು. 1906ರ ಹೊತ್ತಿಗೆ ಅಮೆರಿಕದ ನಾಗರಿಕ ಸೇವಾ ಆಯೋಗ ಕಿವುಡರನ್ನು ಪರೀಕ್ಷೆಗೆ ಕೂರಲು ಅರ್ಹರಲ್ಲದವರ ಪಟ್ಟಿಗೆ ಸೇರಿಸಿತು. ವಾಷಿಂಗ್ಟನ್ನಿನ ದೊಡ್ಡ ಸರ್ಕಾರಿ ಮುದ್ರಣಾಲಯದಂಥ ಕಡೆ ಹೊಸಬರಿಗೆ ದಾರಿ ಮುಚ್ಚಿದಂತಾಯಿತು. ಕಿವುಡರ ರಾಷ್ಟ್ರೀಯ ಸಂಘದ ಅಧ್ಯಕ್ಷ ಜಾರ್ಜ್ ವೆಡಿಟ್ಜ್ ನೇತೃತ್ವದಲ್ಲಿ ಕಿವುಡರು ಪತ್ರದ ಮೇಲೆ ಪತ್ರ ಬರೆದು ಹೋರಾಡಿದರು. 1908ರ ಕೊನೆಯಲ್ಲಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆ ನಿರ್ಬಂಧ ತೆಗೆದುಹಾಕಿದರು.

ಈ ಕಸುಬಿನ ತುಂಬು ಕಾಲ ಎರಡನೆಯ ಮಹಾಯುದ್ಧದಿಂದ 1970ರ ದಶಕದವರೆಗಿನದು. ‘ವಾಷಿಂಗ್ಟನ್ ಪೋಸ್ಟ್’ ಒಂದರಲ್ಲೇ ನೂರಕ್ಕೂ ಹೆಚ್ಚು ಕಿವುಡ ಮುದ್ರಕರು ದುಡಿದರು. ಕಿವುಡರ ಗ್ಯಾಲಡೆಟ್ ಕಾಲೇಜು ಅದೇ ಊರಿನಲ್ಲಿದ್ದುದು ಇದಕ್ಕೆ ಒತ್ತಾಸೆಯಾಯಿತು. ಸಂಘದ ಕೂಲಿ ಚೆನ್ನಾಗಿತ್ತು. ಮನೆ ಕೊಂಡವರು, ಮಕ್ಕಳನ್ನು ಓದಿಸಿದವರು, ಊರೂರಿನ ಕಿವುಡರ ಕ್ಲಬ್ಬುಗಳಿಗೆ ಆಸರೆಯಾದವರು ಬಹಳಷ್ಟು ಕಡೆ ಇದೇ ಮುದ್ರಕರು. ರಾತ್ರಿ ಪಾಳಿ ಮುಗಿಸಿ ಹೋಗಿ ಕೂರಲು, ಮನಸ್ಸು ಬಿಚ್ಚಿ ಹರಟಲು ಅವರಿಗೆ ಕ್ಲಬ್ಬು ಬೇಕಿತ್ತು. ಕ್ಲಬ್ಬಿಗೆ ಅವರ ಚಂದಾ ಬೇಕಿತ್ತು.

ಆಮೇಲೆ ಕಂಪ್ಯೂಟರ್ ಬಂತು. ಫೋಟೋ ಅಕ್ಷರಜೋಡಣೆ ಬಂದಾಗ ಲೋಹ ಹೋಗಿ ಕಾಗದ ಬಂತು, ಸಾಲುಗಳನ್ನು ಕತ್ತರಿಸಿ ಮೇಣ ಹಚ್ಚಿ ಪುಟಕ್ಕೆ ಅಂಟಿಸುವ ಕೆಲಸ ಉಳಿಯಿತು. ವರದಿಗಾರ ತಾನೇ ಪರದೆಯ ಮೇಲೆ ಟೈಪು ಮಾಡಿದ್ದು ನೇರ ಪುಟಕ್ಕೆ ಹೋಗುವಂತಾದಾಗ, ಅದನ್ನು ಎರಡನೆಯ ಸಲ ಜೋಡಿಸುವವನ ಅಗತ್ಯವೇ ಇಲ್ಲವಾಯಿತು. 1974ರಲ್ಲಿ ನ್ಯೂಯಾರ್ಕಿನ ಸಂಘ ಪತ್ರಿಕೆಗಳ ಜೊತೆ ಒಪ್ಪಂದ ಮಾಡಿಕೊಂಡಿತು: ಯಂತ್ರಗಳಿಗೆ ನಮ್ಮ ತಕರಾರಿಲ್ಲ, ಈಗಿರುವವರಿಗೆ ಮಾತ್ರ ನಿವೃತ್ತಿಯವರೆಗೆ ಕೆಲಸದ ಭರವಸೆ ಕೊಡಿ ಎಂದು. ಇದ್ದವರು ಬಚಾವಾದರು, ಹೊಸಬರಿಗೆ ಬಾಗಿಲು ಮುಚ್ಚಿತು. 1978ರ ಜುಲೈ ಮೊದಲ ವಾರಾಂತ್ಯದಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಲೈನೋಟೈಪ್‌ಗೆ ವಿದಾಯ ಹೇಳಿತು. ಆ ಹಳೆಯ ಸಂಘವೇ 1987ರ ಹೊತ್ತಿಗೆ ಇನ್ನೊಂದು ಸಂಘದಲ್ಲಿ ಲೀನವಾಯಿತು.

ಕಿವುಡ ಮುದ್ರಕರಲ್ಲಿ ವಯಸ್ಸಾದವರು ಭರವಸೆಯ ಬಲದಿಂದ ಅಂಟಿಸುವ ಮೇಜಿನಲ್ಲಿ ದುಡಿದು ನಿವೃತ್ತರಾದರು, ಕೆಲವರು ಇಡಿಗಂಟು ಪಡೆದು ಹೊರಬಂದರು. ಕಿರಿಯರಲ್ಲಿ ಬಹಳ ಮಂದಿ ಅಂಚೆ ಇಲಾಖೆಯ ಕಾಗದ ವಿಂಗಡಿಸುವ ಕೆಲಸಕ್ಕೆ ಸೇರಿದರು. ಆ ಕಾಲದಲ್ಲಿ ಕಿವುಡರಿಗೆ ದೊಡ್ಡ ಉದ್ಯೋಗದಾತರಲ್ಲಿ ಅದೂ ಒಂದು. ಶಾಲೆಗಳು ಲೈನೋಟೈಪ್‌ಗಳನ್ನು ಗುಜರಿಗೆ ಹಾಕಿ, ಆ ಕೋಣೆಗಳಲ್ಲಿ ಕಂಪ್ಯೂಟರ್ ಇಟ್ಟವು. ಕ್ಲಬ್ಬುಗಳು ಒಂದೊಂದಾಗಿ ಮುಚ್ಚಿದ್ದಕ್ಕೆ ಟಿವಿ ಕಾರಣ, ಮಾತನ್ನು ಟೈಪು ಮಾಡಿ ಕಳಿಸುವ ಟೆಲಿಫೋನ್ ಕಾರಣ ಎಂದು ಹೇಳುವುದುಂಟು. ಪಾಳಿ ಮುಗಿಸಿ ಗುಂಪಾಗಿ ಬರುತ್ತಿದ್ದ, ಕೈಯಲ್ಲಿ ಕಾಸಿದ್ದ ಮುದ್ರಕರು ಇಲ್ಲವಾದದ್ದನ್ನೂ ಆ ಪಟ್ಟಿಗೆ ಸೇರಿಸಬೇಕು.